ಬೆಳ್ಳುಳ್ಳಿ ಹಾಕಬಾರದ ದಿನಗಳು

ಧನುಶ್ರೀಯ ಎರಡನೇ ಜಡೆ ಅರ್ಧಕ್ಕೆ ಬಂದಿತ್ತು. ಅವಳು ರಿಬ್ಬನ್ ಕಚ್ಚಿಕೊಂಡು ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು, ನಾನು ಅವಳ ಹಿಂದೆ ಒಂದು ಮೆಟ್ಟಿಲು ಮೇಲೆ. ಕೊಟ್ಟಿಗೆಯ ಆಚೆ ಮೂರು ಕಲ್ಲಿನ ಒಲೆಯ ಮೇಲೆ ನಮ್ಮತ್ತೆಯ ನುಗ್ಗೆಸೊಪ್ಪಿನ ಸಾರು ಕುದಿಯುತ್ತಿತ್ತು. ಉಕ್ಕದ ಹಾಗೆ ಒಂದು ಕಣ್ಣು ಅಲ್ಲಿ, ಒಂದು ಕಣ್ಣು ಜಡೆಯ ಮೇಲೆ ಇಟ್ಟಿದ್ದೆ. ಸ್ಕೂಲ್ ವ್ಯಾನ್ ಬರುವುದರೊಳಗೆ ಎರಡೂ ಮುಗಿಯಬೇಕಿತ್ತು.

ಹುಳುವಿನ ಮನೆಯ ತಗಡಿನ ಬಾಗಿಲು ಗೋಡೆಗೆ ಬಡಿಯಿತು.

ನನ್ನ ಗಂಡ ಸುನೀಲ್‌ಕುಮಾರ್ ಬೊಗಸೆಯಲ್ಲಿ ರೇಷ್ಮೆಹುಳು ತುಂಬಿಕೊಂಡು ಬಂದ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಇವು ನಾಲ್ಕನೇ ಜ್ವರ ಎದ್ದ ಹುಳುಗಳು, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಿದ್ದವು. ಈಗ ಊದಿಕೊಂಡು ಹಳದಿ ತಿರುಗಿದ್ದವು. ಅವನ ಬೆರಳ ಸಂದಿಯಿಂದ ಹಾಲಿನಂಥ ನೀರು ತೊಟ್ಟಿಕ್ಕುತ್ತಿತ್ತು.

"ನೋಡೇ," ಅಂದ. "ಚೆನ್ನಾಗಿ ನೋಡು."

ನೋಡುವಷ್ಟರಲ್ಲಿ ಅವು ನನ್ನ ಮುಖದ ಮೇಲಿದ್ದವು. ತಣ್ಣಗೆ, ಜಿಗುಟಾಗಿ ಕೆನ್ನೆಯ ಮೇಲೆ ಜಾರಿದವು. ಒಂದು ಹುಳು ಧನುವಿನ ಹೆಗಲ ಮೇಲೆ ಬಿತ್ತು. ಅವಳು ಕೂಗಲಿಲ್ಲ. ರಿಬ್ಬನ್ ಕಚ್ಚಿದ್ದ ಹಲ್ಲು ಇನ್ನಷ್ಟು ಬಿಗಿಯಿತು, ಅಷ್ಟೆ.

"ಹಾಲುರೋಗ. ಹುಳದ ಸ್ಟ್ಯಾಂಡು ಸ್ಟ್ಯಾಂಡೇ ಹೋಗಿದೆ. ಯಾರು ತಂದಿದ್ದು ಇದನ್ನ? ಹೇಳು, ಯಾರು ತಂದಿದ್ದು?"

"ರೀ, ಮಗು ಇದೆ..."

"ಮಗು ಮೂಗಿಗೆ ಬೆಳ್ಳುಳ್ಳಿ ವಾಸನೆ ಹೊಡೀತಿಲ್ವಾ? ನನ್ನ ಮೂಗಿಗೆ ಹೊಡೀತಿದೆ. ಹುಳಕ್ಕೆ ಹೊಡೆಯಲ್ವಾ?"

ಮಗಳ ಜಡೆ ನನ್ನ ಕೈಯಲ್ಲಿರುವಾಗಲೇ ನನ್ನ ಜಡೆ ಅವನ ಕೈಗೆ ಹೋಗಿತ್ತು. ಅವನು ಎಳೆದ. ನಾನು ಬೆರಳು ಬಿಡಿಸಿಕೊಳ್ಳುವುದು ಒಂದು ಕ್ಷಣ ತಡವಾಯಿತು. ಧನುವಿನ ತಲೆಯೂ ನನ್ನ ಜೊತೆ ಹಿಂದಕ್ಕೆ ಎಳೆದುಕೊಂಡು ಬಂದು ಬಾಗಿಲ ಚೌಕಟ್ಟಿಗೆ ತಗುಲಿತು. ಆ ಸದ್ದು ನನಗೆ ಕೇಳಿಸಿತು. ಅವನಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಅಂಗಳದುದ್ದಕ್ಕೂ ಎಳೆದುಕೊಂಡು ಹೋಗಿ ಒಲೆಯ ಮುಂದೆ ನನ್ನನ್ನು ಕೆಡವಿದ. ಸಾರಿನ ಪಾತ್ರೆಯನ್ನು ಒದ್ದ. ಕುದಿಯುವ ಸಾರು ನನ್ನ ಪಾದದ ಮೇಲೆ ಚೆಲ್ಲಿತು. ಬೆಳ್ಳುಳ್ಳಿ ಜಜ್ಜಿ ಪಕ್ಕಕ್ಕಿಟ್ಟಿದ್ದ ಕುಟ್ಟಾಣಿಯ ಕಬ್ಬಿಣದ ಕೋಲು ಅವನ ಕೈಗೆ ಸಿಕ್ಕಿತು. ನಾನು ಮುಖಕ್ಕೆ ಕೈ ಅಡ್ಡ ಹಿಡಿದೆ. ಮೊದಲನೇ ಏಟು ಬಲ ಮುಂಗೈ ಮೇಲೆ ಬಿತ್ತು. ಎರಡನೆಯದೂ ಅಲ್ಲಿಗೇ ಬಿತ್ತು. ಆಮೇಲೆ ಆ ಕೈ ನಾನು ಹೇಳಿದ ಹಾಗೆ ಕೇಳಲಿಲ್ಲ.

"ಬಿಡೋ ಸುನೀಲ, ಬಿಡೋ! ತಿಂದೋಳು ನಾನು. ಅವಳೇನ್ ಮಾಡಿದ್ಲು?"

ನಮ್ಮತ್ತೆ ಅಕ್ಕಯ್ಯಮ್ಮ ಕೊಟ್ಟಿಗೆಯ ಕಂಬ ಹಿಡಿದು ನಿಂತಿದ್ದರು. ಊರುಗೋಲು ಇಲ್ಲದೆ ನಡುಮನೆಯಿಂದ ಅಲ್ಲಿಯವರೆಗೆ ಬಂದಿದ್ದರು. ಯುಗಾದಿಯ ಹೊತ್ತಿಗೆ ಹಾಸಿಗೆಯಿಂದ ಬಚ್ಚಲಿಗೆ ಹೋಗಲು ನನ್ನ ಹೆಗಲು ಬೇಕಿದ್ದ ಹೆಂಗಸು. ಕಂಬ ಬಿಟ್ಟು ಇನ್ನೂ ನಾಲ್ಕು ಹೆಜ್ಜೆ ಇಟ್ಟು ನಮ್ಮಿಬ್ಬರ ನಡುವೆ ನಿಂತರು.

ಸುನೀಲ ಅವರನ್ನು ಮೇಲಿಂದ ಕೆಳಗೆ ನೋಡಿದ. ನಕ್ಕ.

"ಓಹೋ. ಕೋಲಿಲ್ದೆ ನಡೆಯೋಕೆ ಬಂತಾ? ನಿನ್ನ ಮಂಡಿಗೆ ಬೆಳ್ಳುಳ್ಳಿ, ನನ್ನ ಬೆಳೆಗೆ ಮಣ್ಣು."

ಹೇಳುತ್ತಲೇ ಕೋಲನ್ನು ಅಡ್ಡಡ್ಡ ಬೀಸಿದ. ಅತ್ತೆಯ ಎಡ ಮಂಡಿಗೆ ಬಿತ್ತು.

ಅವರು ಕೂಗಿದ್ದು ಮನುಷ್ಯರ ಕೂಗಿನ ಹಾಗಿರಲಿಲ್ಲ. ಕೊಟ್ಟಿಗೆಯಲ್ಲಿದ್ದ ಕರು ಹಗ್ಗ ಜಗ್ಗಿತು. ಅತ್ತೆ ನನ್ನ ಮೇಲೆಯೇ ಕುಸಿದರು. ಚೆಲ್ಲಿದ ಸಾರಿನಲ್ಲಿ ಇಬ್ಬರೂ ಬಿದ್ದಿದ್ದೆವು. ಬೀದಿಯಲ್ಲಿ ಸ್ಕೂಲ್ ವ್ಯಾನ್ ಹಾರನ್ ಹೊಡೆಯಿತು, ಇನ್ನೊಮ್ಮೆ ಹೊಡೆಯಿತು, ಹೊರಟುಹೋಯಿತು. ಸುನೀಲ ಕೋಲು ಎಸೆದು, ಸತ್ತ ಹುಳು ತುಂಬಲು ಚೀಲ ಹುಡುಕುತ್ತಾ ಒಳಗೆ ಹೋದ.

ಧನು ಮೆಟ್ಟಿಲ ಮೇಲೆ ಹಾಗೇ ನಿಂತಿದ್ದಳು. ಒಂದು ಜಡೆ ಬಿಗಿಯಾಗಿ, ಇನ್ನೊಂದು ಬಿಚ್ಚಿಕೊಂಡು. ಬಾಯಿ ತೆರೆದಳು. "ಅಮ್ಮಾ..." ಅಂದಳು.

"ಏನು ಪುಟ್ಟಾ?"

"ಏನಿಲ್ಲ."

ಶಿಡ್ಲಘಟ್ಟದ ಸುತ್ತ ಹುಳು ಸಾಕುವ ಮನೆಗಳಲ್ಲಿ ಒಂದು ಕಟ್ಟಳೆ ಇದೆ. ಹುಳು ಮನೆಗೆ ಬಂದಮೇಲೆ, ಅದರಲ್ಲೂ ನಾಲ್ಕನೇ ಜ್ವರ ಎದ್ದ ಮೇಲೆ, ಒಗ್ಗರಣೆ ಹಾಕುವಂತಿಲ್ಲ. ಬೆಳ್ಳುಳ್ಳಿ ಜಜ್ಜುವಂತಿಲ್ಲ, ಮೆಣಸು ಹುರಿಯುವಂತಿಲ್ಲ. ತಲೆಗೆ ಹೂವಿನೆಣ್ಣೆ, ಮೈಗೆ ಪೌಡರ್ ಬೇಡ. ಹೊಗೆಸೊಪ್ಪು ತಿಂದವರು ಬಾಗಿಲಲ್ಲೇ ನಿಲ್ಲಬೇಕು. ಹುಳು ಘಾಟು ತಡೆಯುವುದಿಲ್ಲ, ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನು ಬಿಡುತ್ತದೆ ಎಂಬುದು ನಂಬಿಕೆ. ಹೊಗೆಸೊಪ್ಪಿನ ಮಟ್ಟಿಗೆ ಅದು ನಿಜ ಎಂದು ರೇಷ್ಮೆ ಇಲಾಖೆಯವರೂ ಹೇಳುತ್ತಾರೆ. ಉಳಿದದ್ದೆಲ್ಲ ಅವರವರ ಮನೆಯ ಮಾತು. ನಮ್ಮ ಮನೆಯಲ್ಲಿ ಈ ಕಟ್ಟಳೆಗೆ ಒಂದು ಬಾಲವೂ ಇತ್ತು. ಹುಳು ಚೆನ್ನಾಗಿ ಬಂದರೆ ಗಂಡಸಿನ ಕೈಗುಣ, ಸತ್ತರೆ ಒಲೆಯ ಮುಂದಿದ್ದವಳ ತಪ್ಪು.

ಮದುವೆಯಾಗಿ ಬಂದ ಹೊಸದರಲ್ಲಿ ನಾನು ತಿಳಿಯದೆ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದೆ. ಅತ್ತೆ ಅದೇ ಒಗ್ಗರಣೆ ಸೌಟನ್ನು ಕೆಂಪಗೆ ಕಾಯಿಸಿ ನನ್ನ ಮಣಿಕಟ್ಟಿನ ಮೇಲೆ ಇಟ್ಟರು. ಎರಡು ಬಳೆಯ ಅಗಲದ ಕಲೆ ಈಗಲೂ ಇದೆ. ಧನು ಚಿಕ್ಕವಳಿದ್ದಾಗ ಅದನ್ನು ಬೆರಳಲ್ಲಿ ಸವರಿ "ಇದೇನು?" ಎಂದು ಕೇಳಿದ್ದಳು. "ಮುದ್ದೆ ತೊಳಸುವಾಗ ಸುಟ್ಟಿದ್ದು" ಅಂದಿದ್ದೆ. ಅವಳು ಹುಟ್ಟಿದ ದಿನವೇ ನಾನು ಒಂದನ್ನು ತೀರ್ಮಾನಿಸಿದ್ದೆ. ಈ ಮನೆಯಲ್ಲಿ ಕೈಯಿಂದ ಕೈಗೆ ಬರುತ್ತಿರುವುದು ಇವಳ ತನಕ ಬರಬಾರದು. ನನಗೆ ಬೇಕಿದ್ದದ್ದು ಅಷ್ಟೇ. ಮಗುವಿನ ಮೇಲೆ ಒಮ್ಮೆಯೂ ಕೈ ಎತ್ತಲಿಲ್ಲ. ಹಾಲು ಚೆಲ್ಲಿದರೂ ಇಲ್ಲ, ಪುಸ್ತಕ ಹರಿದರೂ ಇಲ್ಲ.

ಅತ್ತೆಯ ಮಂಡಿಗಳು ಸವೆದು ಬಹಳ ಕಾಲವಾಗಿತ್ತು. ಸೊಪ್ಪಿನ ಹೊರೆ ಹೊತ್ತು, ಕುಕ್ಕರಗಾಲಲ್ಲಿ ಕೂತು ಸೊಪ್ಪು ಕತ್ತರಿಸಿ ಸವೆದ ಮಂಡಿ. ಚಿಂತಾಮಣಿಯ ಮೆಡಿಕಲ್ ಶಾಪಿನಿಂದ ಸುನೀಲ ನೋವಿನ ಗುಳಿಗೆ ತಂದುಕೊಡುತ್ತಿದ್ದ. ಕಡಲೆ ತಿಂದ ಹಾಗೆ ತಿನ್ನುತ್ತಿದ್ದರು. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಮುಖ ಕಾಲು ಊದಿಕೊಂಡವು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಂದು ಧನುವಿಗೆ ರಜೆ, ಅವಳೂ ಜೊತೆಗಿದ್ದಳು. ರಕ್ತ ಪರೀಕ್ಷೆ, ಮಂಡಿಯ ಎಕ್ಸ್‌ರೇ ನೋಡಿದ ಡಾಕ್ಟರು ಕಿಡ್ನಿಗೆ ಪೆಟ್ಟು ಬಿದ್ದಿದೆ, ಇನ್ನು ಆ ಗುಳಿಗೆ ಮುಟ್ಟಲೇಬಾರದು ಎಂದರು. ಊಟದ ವಿಷಯ ಕೇಳಿ ಎಂದು ಪಕ್ಕದ ಕೋಣೆಗೆ ಕಳಿಸಿದರು.

ಆ ಕೋಣೆಯಲ್ಲಿದ್ದವಳು ರೋಗಿಗಳಿಗೆ ಪಥ್ಯ ಹೇಳುವ ಸಾಬ್ರೀನ್ ಎಂಬ ಹುಡುಗಿ. ನಮ್ಮ ಶಿಡ್ಲಘಟ್ಟದವಳೇ. ಅವರ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸವಂತೆ.

"ಅಜ್ಜಿ, ಮೊದಲೇ ಹೇಳ್ಬಿಡ್ತೀನಿ. ಸವೆದಿದ್ದು ವಾಪಸ್ ಬರಲ್ಲ. ಅಡುಗೆಮನೆಲಿರೋ ಯಾವ ಸಾಮಾನಿಗೂ ಆ ಶಕ್ತಿ ಇಲ್ಲ. ಊತ, ನೋವು ಸ್ವಲ್ಪ ತಗ್ಗಬಹುದು. ಅಷ್ಟೇ ಆಸೆ ಇಟ್ಕೊಳ್ಳಿ."

"ಅಷ್ಟಾದ್ರೆ ಸಾಕಲ್ಲಮ್ಮ," ಅಂದರು ಅತ್ತೆ. "ಬಚ್ಚಲಿಗೆ ಹೋಗಿಬರೋಷ್ಟು ಆದ್ರೆ ಸಾಕು."

ಅವಳು ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದಳು. ಅರಿಶಿನದಲ್ಲಿ ಹಳದಿ ಅಂಶ ಒಂದಿದೆ, ಕರ್ಕ್ಯುಮಿನ್ ಅಂತಾರೆ. ಬರೀ ಅರಿಶಿನ ತಿಂದರೆ ಅದು ಮೈಗೆ ಹತ್ತುವುದು ಕಡಿಮೆ. ಒಂದೆರಡು ಮೆಣಸು ಕುಟ್ಟಿ ಹಾಕಬೇಕು, ಒಂದಿಷ್ಟು ಎಣ್ಣೆ ಇರಬೇಕು. ಬೆಳ್ಳುಳ್ಳಿಯನ್ನು ಜಜ್ಜಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಒಲೆಗೆ ಹಾಕಬೇಕು, ಆಗಲೇ ಅದರ ಸತ್ವ ಬಿಡುವುದು. ಶುಂಠಿ ಇರಲಿ. ಮೈತೂಕ ಇಳಿಯಲಿ. ಕೂತಲ್ಲೇ ಕಾಲು ಚಾಚಿ ಮಡಿಸುವ ವ್ಯಾಯಾಮ ಬಿಡಬೇಡಿ.

"ನಮ್ಮ ಕಡೆ ಕಪ್ಪು ದ್ರಾಕ್ಷಿ ಬೇಕಾದಷ್ಟು ಬೆಳೀತಾರೆ. ನಾವೆಲ್ಲ ಏನ್ ಮಾಡ್ತೀವಿ? ಒಳಗಿನ ರಸ ಚೀಪಿ ಸಿಪ್ಪೆ ಥೂ ಅಂತ ಉಗೀತೀವಿ. ಬೇಕಾಗಿರೋದು ಆ ಸಿಪ್ಪೆಲೇ ಇರೋದು ಅಜ್ಜಿ!"

"ಅಯ್ಯೋ, ಎಷ್ಟು ಉಗಿದಿದ್ದೀನೋ," ಅಂದರು ಅತ್ತೆ. "ಅದೆಲ್ಲ ನುಂಗಿದ್ರೆ ಇವತ್ತು ಓಡ್ತಿದ್ದೆ ಅನ್ನು."

ಸಾಬ್ರೀನ್ ನಗುತ್ತಲೇ ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದಳು. ನಗು ನಿಂತಿತು. "ಎರಡೂ ಮಂಡಿ ಸವೆದಿದೆ. ಎಡಗಾಲು ಮಾತ್ರ ಜಾಸ್ತಿ. ಇಲ್ಲಿ ಹಳೇ ಮುರಿತ ಇದೆ ಅಂತ ಡಾಕ್ಟರ್ ಬರೆದಿದ್ದಾರೆ. ಬಿದ್ದಿದ್ರಾ ಅಜ್ಜಿ?"

"ತೋಟದ ಬದುವಿನ ಮೇಲೆ ಜಾರಿ ಬಿದ್ದೆ," ಎಂದರು ಅತ್ತೆ.

ವಾಪಸ್ ಬರುವ ಬಸ್ಸಿನಲ್ಲಿ ಧನು ನನ್ನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ಅತ್ತೆ ಕಿಟಕಿಯ ಆಚೆ ನೋಡುತ್ತಾ, ಮಳೆ ಬೆಳೆ ಮಾತಾಡಿದ ಹಾಗೆ ಹೇಳಿದರು.

"ಬದುವಿನ ಮೇಲೆ ಬೀಳ್ಲಿಲ್ಲ ಕಣಮ್ಮ. ನಿಮ್ಮ ಮಾವ ಒನಕೆಲಿ ಹೊಡೆದಿದ್ದು."

ನಮ್ಮ ಮಾವ ಮುನಿವೆಂಕಟಪ್ಪ ನಾನು ಮದುವೆಯಾಗಿ ಬರುವ ಮುಂಚೆಯೇ ತೀರಿಕೊಂಡಿದ್ದರು. ಪಟದಲ್ಲಿ ನೋಡಿದ್ದೆ, ಸೌಮ್ಯವಾದ ಮುಖ.

"ಯಾಕತ್ತೆ?"

"ಹುಳ ಸತ್ತೋಯ್ತು. ನಾನು ಸುನೀಲನ್ನ ಹೆತ್ತು ಹಸಿ ಬಾಣಂತಿ. ನಮ್ಮಮ್ಮ ಬಾಣಂತಿ ಖಾರ ಮಾಡ್ಕೊಂಡು ಬಂದಿದ್ಲು. ಬೆಳ್ಳುಳ್ಳಿ ಹುರಿದು ತಿಂದ್ರೆ ಎದೆಹಾಲು ಬರ್ತದೆ ಅಂತ. ತಿಂದೆ. ಹಾಲೂ ಬಂತು, ಏಟೂ ಬಂತು. ಮಗೂನ ಎತ್ಕೊಂಡೇ ಇದ್ದೆ, ಮಗೂಗೆ ತಾಗಬಾರದು ಅಂತ ಕಾಲಿಗೆ ಹೊಡೆದ್ರು. ಅಷ್ಟರಮಟ್ಟಿಗೆ ಒಳ್ಳೇವ್ರು."

ಆಮೇಲೆ ಅವರೇ ನನ್ನ ಕೈ ತೆಗೆದುಕೊಂಡು ಮಣಿಕಟ್ಟಿನ ಕಲೆಯ ಮೇಲೆ ಬೆರಳಿಟ್ಟರು.

"ನಾನೂ ಸುಟ್ಟೆನಲ್ಲಮ್ಮ ನಿನ್ನ. ಅವತ್ತು ನನಗೆ ಅದು ತಪ್ಪು ಅಂತ್ಲೇ ಅನ್ನಿಸ್ಲಿಲ್ಲ. ಹಂಗೆ ಮಾಡಬೇಕು ಅನ್ಕೊಂಡಿದ್ದೆ."

ತೊಡೆಯ ಮೇಲಿದ್ದ ತಲೆ ಸ್ವಲ್ಪ ಅಲುಗಿತು. ಮಗು ಮಲಗಿಲ್ಲ ಎಂದು ನನಗೆ ಆಗ ತಿಳಿಯಿತು. ಅವತ್ತಿನಿಂದ ಅವಳಿಗೆ ಒಂದು ಅಭ್ಯಾಸ ಶುರುವಾಯಿತು. ಪಾತ್ರೆ ತೊಳೆಯುವಾಗ, ಹೋಂವರ್ಕ್ ಮಾಡುವಾಗ, ಇದ್ದಕ್ಕಿದ್ದ ಹಾಗೆ "ಅಮ್ಮಾ" ಅನ್ನುತ್ತಿದ್ದಳು. "ಏನು?" ಅಂದರೆ "ಏನಿಲ್ಲ". ಅವಳ ಬಾಯಲ್ಲಿ ಒಂದು ಪ್ರಶ್ನೆ ಇದೆ, ಅದು ಹೊರಗೆ ಬರುವುದರೊಳಗೆ ಉತ್ತರ ಹೊಂದಿಸಿ ಇಟ್ಟುಕೊಳ್ಳಬೇಕು ಎಂದು ನಾನು ಹೆದರುತ್ತಿದ್ದೆ. ತಾತ ಯಾಕೆ ಹೊಡೆದರು ಎಂದು ಕೇಳುತ್ತಾಳೆ. ಆಗಿನ ಕಾಲ ಹಾಗಿತ್ತು ಅನ್ನಬೇಕು. ಅಜ್ಜಿ ಯಾಕೆ ಸುಟ್ಟರು ಅನ್ನುತ್ತಾಳೆ. ಅಜ್ಜಿಗೆ ಯಾರೂ ಬೇರೆ ಹೇಳಿಕೊಟ್ಟಿರಲಿಲ್ಲ ಅನ್ನಬೇಕು.

ಅಂದಿನಿಂದ ಅತ್ತೆಯ ಅಡುಗೆ ಬೇರೆ ಮಾಡಿದೆ. ನುಗ್ಗೆಸೊಪ್ಪು, ಶುಂಠಿ, ಅರಿಶಿನ, ಮೆಣಸು, ಜಜ್ಜಿದ ಬೆಳ್ಳುಳ್ಳಿ. ಬೇಸಿಗೆ ಇಳಿಯುವ ಹೊತ್ತಿಗೆ ಊತ ಕಡಿಮೆಯಾಯಿತು. ದೊಡ್ಡ ಪವಾಡವೇನಲ್ಲ, ತೂಕ ಇಳಿದಿದ್ದರಿಂದಲೋ ವ್ಯಾಯಾಮದಿಂದಲೋ ಹೇಳಲಾರೆ. ಒಂದು ದಿನ ಅತ್ತೆ ತಾವಾಗಿ ಎದ್ದು ಬಂದು ಧನುವಿಗೆ ಊಟ ಬಡಿಸಿದರು. ಈಗ ಹುಳು ಬಂತೆಂದು ಮತ್ತೆ ಅವರನ್ನು ಹಾಸಿಗೆಗೆ ಹಾಕಲು ನನ್ನಿಂದ ಆಗಲಿಲ್ಲ. ಗುಳಿಗೆಯೂ ಇಲ್ಲ, ಇದೂ ಇಲ್ಲ ಎಂದರೆ ಅವರಿಗೆ ಉಳಿಯುವುದು ನೋವು ಮಾತ್ರ. ಅದಕ್ಕೇ ಒಲೆಯನ್ನು ಕೊಟ್ಟಿಗೆಯ ಆಚೆಗೆ ಸಾಗಿಸಿದೆ. ಅಲ್ಲಿಗೆ ಹೋಗುವಾಗ ಬೇರೆ ಸೀರೆ ಉಡುತ್ತಿದ್ದೆ. ಸೋಪು ಹಾಕಿ ಮೊಣಕೈವರೆಗೆ ತೊಳೆದು ಆಮೇಲೆ ಹುಳುವಿನ ಸೊಪ್ಪು ಮುಟ್ಟುತ್ತಿದ್ದೆ. ಸುನೀಲನಿಗೂ ಗೊತ್ತಿತ್ತು. ಹುಳು ಚೆನ್ನಾಗಿ ಮೇಯುತ್ತಿದ್ದಷ್ಟು ದಿನ ಅವನೂ ಏನೂ ಅಂದಿರಲಿಲ್ಲ.

ಹುಳು ಸತ್ತ ಆ ಬೆಳಿಗ್ಗೆ ಕೂಗು ಕೇಳಿ ಪಕ್ಕದ ಮನೆ ಗಂಗುಲಮ್ಮ ಓಡಿಬಂದಳು. ನಮ್ಮಿಬ್ಬರನ್ನೂ ಎಬ್ಬಿಸಿ ನಡುಮನೆಗೆ ಸಾಗಿಸಿದವಳು ಅವಳೇ. ನನ್ನ ಬಲಗೈಗೆ ಹಿಪ್ಪುನೇರಳೆಯ ಎರಡು ಕಡ್ಡಿ ಇಟ್ಟು ಹಳೇ ದುಪಟ್ಟಾದಲ್ಲಿ ಕಟ್ಟಿದಳು. ಅತ್ತೆಯ ಮಂಡಿ ಕುಂಬಳಕಾಯಿಯಷ್ಟಾಗಿತ್ತು. ಮುಟ್ಟಲು ಬಿಡಲಿಲ್ಲ.

"ಏಮ್ರಾ ಇದಿ, ಏನೋ ಇದು," ಎಂದು ಗಂಗುಲಮ್ಮ ಬಾಗಿಲಲ್ಲಿ ನಿಂತು ಸುನೀಲನಿಗೆ ಕೇಳುವ ಹಾಗೆ ಕೂಗಿದಳು. "ಹೋದ ಬೆಳೆಗೆ ಹುಳದ ಮನೇಲಿ ಬ್ಲೀಚಿಂಗ್ ಪೌಡರ್ ಹೊಡೀಲಿಲ್ಲ, ಅದರ ಹಿಂದಿನದಕ್ಕೂ ಹೊಡೀಲಿಲ್ಲ. ಮಳೇಲಿ ನೆಂದ ಸೊಪ್ಪು ತಂದು ಹಂಗೇ ಹಾಕ್ದೆ. ಬೆಳ್ಳುಳ್ಳಿ ಹೊಗೆಗೆ ಹಾಲುರೋಗ ಬರ್ತದೇನೋ? ಹಂಗಾದ್ರೆ ನಮ್ಮನೆ ಹುಳ ಯಾಕೋ ಸಾಯ್ಲಿಲ್ಲ? ನಿಮ್ಮನೆ ವಾಸ್ನೆ ನನ್ನ ಮನೆಗೇ ಮೊದ್ಲು ಬರೋದು!"

ಸುನೀಲ ಚೀಲಗಳನ್ನು ಎಳೆದುಕೊಂಡು ಹೋಗಿ ತೋಟದ ಗುಂಡಿಯಲ್ಲಿ ಸುರಿದು ಸುಣ್ಣ ಹಾಕಿ, ಬೈಕ್ ಹತ್ತಿ ಹೋದ.

"ಪೊಲೀಸ್‌ಗೆ ಹೇಳಣ," ಅಂದಳು ಗಂಗುಲಮ್ಮ.

"ಬೇಡಮ್ಮ, ಮನೆ ಮಾತು," ಅಂದರು ಅತ್ತೆ. ಹಲ್ಲು ಕಚ್ಚಿಕೊಂಡೇ ಅಂದರು.

ಗಂಗುಲಮ್ಮ ಶಿಡ್ಲಘಟ್ಟದ ಆಟೋ ಖಾಜಾ ಪೀರ್‌ಗೆ ಫೋನ್ ಮಾಡಿದಳು. ಗೂಡು ಸಾಗಿಸಲು ನಮ್ಮೂರಿಗೆ ಬರುವವನು, ಎಲ್ಲರಿಗೂ ಗೊತ್ತು. ಮಾರ್ಕೆಟ್ಟಿನಲ್ಲಿ ಲೋಡ್ ಇಳಿಸಿ ಬರುತ್ತೇನೆ ಎಂದ. ನಾವು ಕಾದೆವು. ಎಡಗೈಯಲ್ಲೇ ಧನುವಿಗೆ ಮೊಸರನ್ನ ಕಲಸಿ ಕೊಟ್ಟೆ. ಅವಳು ತಟ್ಟೆ ಹಿಡಿದುಕೊಂಡು ಅಜ್ಜಿಯ ಮಂಡಿಯನ್ನೇ ನೋಡುತ್ತಾ ಕೂತಳು.

ಆಟೋಗಿಂತ ಮುಂಚೆ ಬೈಕ್ ಬಂತು.

ಕುಡಿದಿದ್ದನೋ ಇಲ್ಲವೋ ಈಗಲೂ ಹೇಳಲಾರೆ. ಹೆಜ್ಜೆ ನೆಟ್ಟಗೆ ಇತ್ತು. ಸೀದಾ ಹಿತ್ತಿಲಿಗೆ ಹೋಗಿ ಮಚ್ಚು ತೆಗೆದುಕೊಂಡ. ಮೊದಲು ನುಗ್ಗೆಮರ. ನುಗ್ಗೆಯ ಮರ ಮೆದು, ನಾಲ್ಕೈದು ಏಟಿಗೇ ಬಿತ್ತು. ಆಮೇಲೆ ಬಚ್ಚಲ ನೀರು ಹರಿಯುವಲ್ಲಿ ನಾನು ನೆಟ್ಟಿದ್ದ ಅರಿಶಿನದ ಮಡಿಯನ್ನು ಕಾಲಲ್ಲೂ ಮಚ್ಚಿನಲ್ಲೂ ತರಿದ. ಕರು ಹೆದರಿ ಕೊಟ್ಟಿಗೆಯಲ್ಲಿ ಬಿದ್ದು ಎದ್ದು ಮಾಡುತ್ತಿತ್ತು. ನಾನು ಧನುವಿಗೆ ಎದ್ದು ಒಳಕೋಣೆಗೆ ಹೋಗು ಅಂದೆ. ಅವಳು ಕೋಣೆಯ ಬಾಗಿಲವರೆಗೆ ಹೋಗಿ ಅಲ್ಲೇ ನಿಂತಳು.

ಸುನೀಲ ಅಡುಗೆಮನೆಯಲ್ಲಿ ಡಬ್ಬಗಳನ್ನು ಬೀಳಿಸುತ್ತಿದ್ದ. ಅರಿಶಿನದ ಡಬ್ಬ ಹಿಡಿದು ನಡುಮನೆಗೆ ಬಂದ. ಮಚ್ಚು ಅಲ್ಲೇ ಬಿಟ್ಟು ಬಂದಿದ್ದಾನೆ ಎಂದು ಕಂಡು ನನಗೆ ಒಂದು ಉಸಿರು ಬಂತು. ಆ ಉಸಿರು ಪೂರ್ತಿಯಾಗುವಷ್ಟರಲ್ಲಿ ಅವನು ಚಾಪೆಯ ಮೇಲೆ ಮಲಗಿದ್ದ ತಾಯಿಯ ಎದೆಯ ಮೇಲೆ ಮೊಣಕಾಲೂರಿದ್ದ.

"ತಿನ್ನು," ಅಂದ. "ಎಷ್ಟು ಬೇಕು ತಿನ್ನು. ಮಂಡಿ ವಾಸಿಯಾಗ್ಲಿ. ತಿನ್ನಮ್ಮಾ, ತಿನ್ನು!"

ಎಡಗೈಯಲ್ಲಿ ದವಡೆ ಅದುಮಿ ಬಾಯಿ ತೆರೆಸಿ ಅರಿಶಿನದ ಪುಡಿ ಮುಷ್ಟಿಗಟ್ಟಲೆ ತುರುಕಿದ. ಅತ್ತೆ ಕೆಮ್ಮಿದರು. ಕೆಮ್ಮಿದಾಗ ಹಳದಿ ಹೊಗೆಯೆದ್ದ ಹಾಗೆ ಎದ್ದಿತು. ಮತ್ತೆ ತುರುಕಿದ. ಅವರ ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡವು. ಬಾಯಿ ಮೂಗಿನಿಂದ ಹಳದಿ ನೊರೆ ಬಂತು. ಕೈಗಳು ನೆಲ ಬಡಿಯುತ್ತಿದ್ದವು. ಗಂಗುಲಮ್ಮ ಅವನ ಅಂಗಿ ಹಿಡಿದು ಎಳೆದಳು. ಅವನು ಹಿಂದೆ ನೋಡದೆ ಮೊಣಕೈಯಲ್ಲಿ ಒಂದು ಕೊಟ್ಟ. ಅವಳು ಬಾಯಿಗೆ ಕೈ ಒತ್ತಿಕೊಂಡು ಗೋಡೆಗೆ ಜಾರಿದಳು. ಬೆರಳ ಸಂದಿಯಲ್ಲಿ ರಕ್ತ ಕಂಡಿತು.

ಗೋಡೆಗೆ ಅತ್ತೆಯ ಊರುಗೋಲು ಒರಗಿತ್ತು. ನಾನು ಎಡಗೈಯಲ್ಲಿ ತೆಗೆದುಕೊಂಡೆ.

ಬೆನ್ನಿಗೆ ಹೊಡೆಯಬಹುದಿತ್ತು, ಹೆಗಲಿಗೆ ಹೊಡೆಯಬಹುದಿತ್ತು. ನಾನು ಅವನ ಚಾಚಿದ್ದ ಬಲಗಾಲಿನ ಮಂಡಿ ನೋಡಿ ಹೊಡೆದೆ. ಆರಿಸಿಯೇ ಹೊಡೆದೆ. ಅವನು ಕಿರುಚಿ ಪಕ್ಕಕ್ಕೆ ಉರುಳಿದ. ಅತ್ತೆಯ ಎದೆ ಬಿಡುಗಡೆಯಾಯಿತು. ಅವರು ಮಗ್ಗುಲಾಗಿ ಕಕ್ಕಿ ಉಸಿರೆಳೆದುಕೊಂಡರು. ಅಲ್ಲಿಗೆ ಸಾಕಾಗಿತ್ತು. ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಅದೇ ಮಂಡಿಗೆ ಇನ್ನೊಂದು ಹೊಡೆದೆ, ಇನ್ನೊಂದು ಹೊಡೆದೆ. ಎಡಗೈಗೆ ಇಷ್ಟು ಬಲವಿದೆ ಎಂದು ನನಗೆ ಗೊತ್ತಿರಲಿಲ್ಲ. ಮೊದಲನೇ ಏಟು ಅತ್ತೆಗಾಗಿ, ನಿಜ. ಉಳಿದವು ಯಾರಿಗಾಗಿಯೂ ಅಲ್ಲ. ಹೊಡೆಯುವುದು ಚೆನ್ನಾಗಿತ್ತು.

"ಅಮ್ಮಾ!" ಎಂದು ಕೂಗಿದ ಸುನೀಲ. ಕರೆದದ್ದು ತನ್ನ ತಾಯಿಯನ್ನು. "ಅಮ್ಮಾ, ನೋಡಮ್ಮಾ!"

ಬಾಯಿ ತುಂಬ ಅರಿಶಿನ ಮೆತ್ತಿದ್ದ ಅತ್ತೆ ತೆವಳಿಕೊಂಡು ಅವನ ಕಡೆ ಹೋಗಲು ನೋಡಿದರು. ಮಂಡಿ ಒಂದು ಗೇಣು ಕೂಡ ಸಾಗಲು ಬಿಡಲಿಲ್ಲ. ಕೈ ಮಾತ್ರ ಚಾಚಿದರು.

ಆಗ ನಾನು ತಲೆ ಎತ್ತಿದೆ. ಧನು ಕೋಣೆಯ ಬಾಗಿಲಲ್ಲೇ ಇದ್ದಳು. ಒಂದನ್ನೂ ಬಿಡದೆ ನೋಡಿದ್ದಳು. ನಾನು ಹೊಡೆಯುವಾಗ ನನ್ನ ಮುಖ ಹೇಗಿತ್ತು ಎಂದು ಅವಳ ಮುಖ ನೋಡಿ ತಿಳಿಯಿತು. ಕೋಲು ಕೈಯಿಂದ ಜಾರಿತು.

ಖಾಜಾ ಪೀರ್ ಬಂದವನು ಬಾಗಿಲಲ್ಲೇ ಒಂದು ಕ್ಷಣ ನಿಂತ. ಯಾರು ಯಾರಿಗೆ ಏನು ಮಾಡಿದರು ಎಂದು ಕೇಳಲಿಲ್ಲ. ಅತ್ತೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಹೋಗಿ ಸೀಟಿನ ಮೇಲೆ ಕಾಲು ಚಾಚಿಸಿ ಕೂರಿಸಿದ.

"ಅವನನ್ನೂ ಕರ್ಕೊಳ್ಳಪ್ಪ," ಅಂದರು ಅತ್ತೆ.

"ಜಾಗ ಇಲ್ಲಮ್ಮ. ಇವರನ್ನ ಇನ್ನೊಂದು ಗಾಡೀಲಿ ಕಳಿಸಣ."

"ಇವನ್ನ ನಾನ್ ನೋಡ್ಕೊತೀನಿ ಕಣೇ, ನೀವು ಹೊರಡಿ," ಅಂದಳು ಗಂಗುಲಮ್ಮ. ಸೆರಗಲ್ಲಿ ತುಟಿ ಒತ್ತಿಕೊಂಡು, ಮಚ್ಚನ್ನು ಎತ್ತಿಕೊಂಡು ಹೋಗಿ ತನ್ನ ಮನೆಯಲ್ಲಿಟ್ಟು ಬಂದಳು. "ಸುನೀಲಾ, ಸುಮ್ನೆ ಬಿದ್ಕೊಂಡಿರಪ್ಪ. ಈಗ ಗೊತ್ತಾಯ್ತಾ ಮಂಡಿ ಅಂದ್ರೆ ಏನು ಅಂತ?"

ಆಟೋದಲ್ಲಿ ನಾನು ಸೀಟಿನ ತುದಿಗೆ ಒರಗಿ ಅತ್ತೆಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡೆ.  ಧನು ಕೆಳಗೆ ನನ್ನ ಪಾದದ ಹತ್ತಿರ ಮುದುರಿ ಕೂತಳು. ಸಾರು ಬಿದ್ದ ಪಾದ ಬೊಬ್ಬೆ ಎದ್ದಿತ್ತು, ಅವಳು ಅದಕ್ಕೆ ತಾಗದ ಹಾಗೆ ಕೂತಿದ್ದಳು. ರಸ್ತೆ ಗುಂಡಿಗೆ ಬಿದ್ದಾಗಲೆಲ್ಲ ಅತ್ತೆ ನನ್ನ ಹೆಗಲು ಹಿಡಿಯುತ್ತಿದ್ದರು.

ಖಾಜಾ ಪೀರ್ ಕನ್ನಡಿಯಲ್ಲಿ ನಮ್ಮನ್ನು ನೋಡಿದ. "ಆಸ್ಪತ್ರೆಲಿ ಕೇಳ್ತಾರೆ ಅಕ್ಕಾ. ಪೊಲೀಸ್ ಚೌಕಿಯವರೂ ಬರ್ತಾರೆ. ಬಚ್ಚಲಲ್ಲಿ ಬಿದ್ದೆ, ಬದುವಿನ ಮೇಲೆ ಬಿದ್ದೆ ಅಂತ ಹೇಳ್ಬೇಡಿ. ನಮ್ಮಕ್ಕ, ಅಖ್ತರಿ ಆಪಾ, ಹಂಗೇ ಹೇಳಿ ಹೇಳಿ ಸತ್ತೇ ಹೋದ್ಳು."

ನಾನು ಅತ್ತೆಯ ಮುಖ ನೋಡಿದೆ. ಹಲ್ಲು, ತುಟಿ, ಗಲ್ಲ ಎಲ್ಲ ಹಳದಿ. ಕಣ್ಣು ಮುಚ್ಚಿಕೊಂಡೇ ಹೇಳಿದರು. "ಬಿದ್ದೆ ಅಂತ ಒಂದ್ಸಲ ಹೇಳಿದ್ದಕ್ಕೆ ಇಷ್ಟು ವರ್ಷ ನಡೀತು. ಈ ಸಲ ಇದ್ದಂಗೆ ಹೇಳ್ತೀನಿ ಬಿಡು."

"ನಾನೂ ಹೇಳ್ತೀನತ್ತೆ. ನಾನು ಹೊಡೆದಿದ್ದನ್ನೂ ಹೇಳ್ತೀನಿ."

"ನಿನ್ನದನ್ನ ಯಾಕೆ ಹೇಳ್ತೀಯೇ? ನೀನು ನನ್ನ ಉಳಿಸಿದೆ."

"ಒಂದೇಟಿಗೆ ಉಳಿಸಿದೆ. ಆಮೇಲಿನದು?"

ಆಟೋ ಗೂಡಿನ ಮಾರ್ಕೆಟ್ ಮುಂದೆ ನಿಧಾನವಾಯಿತು. ಲಾರಿಗೆ ಅಡ್ಡ ನಿಂತ ಯಾರೋ ಯಾರಿಗೋ ಉರ್ದುವಿನಲ್ಲಿ ಬೈಯುತ್ತಿದ್ದರು, ಇನ್ನೊಬ್ಬ ತೆಲುಗಿನಲ್ಲಿ ತಿರುಗಿಸಿ ಬೈದ. ಖಾಜಾ ಪೀರ್ ಹಾರನ್ ಒತ್ತಿದ.

"ಅಮ್ಮಾ," ಅಂದಳು ಧನು.

"ಏನು ಪುಟ್ಟಾ?"

ಏನಿಲ್ಲ ಎನ್ನುತ್ತಾಳೆ ಎಂದು ಕಾದೆ. ಅವಳು ತಲೆ ಎತ್ತಿ ನೋಡಿದಳು. ಅಳುತ್ತಿರಲಿಲ್ಲ. ಲೆಕ್ಕ ಅರ್ಥವಾಗದೆ ಹೋದಾಗ ನನ್ನ ಹತ್ತಿರ ಬಂದು ಕೇಳುವ ಮುಖವೇ ಅದು. ಆಟೋದ ಸದ್ದಿನ ಮೇಲೆ, ನಮಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ತಾತ ಅಜ್ಜಿಗೆ ಹೊಡೆದ್ರು. ಅಜ್ಜಿ ನಿನ್ನ ಕೈ ಸುಟ್ರು. ಅಪ್ಪ ನಿಮ್ಮಿಬ್ರಿಗೂ ಹೊಡೆದ. ಈಗ ನೀನು ಅಪ್ಪಂಗೆ ಹೊಡೆದೆ. ನಾನು ಯಾರಿಗೆ ಹೊಡೀಬೇಕಮ್ಮಾ?"